ಪ್ರತಿಭೆಗೆ ಹುಚ್ಚಿನ ಹಂಗೇಕೆ?

ಕಲಾವಿದನಿಗೆ ತುಸು ಹುಚ್ಚಿರಬೇಕೆಂಬ ಮಾತನ್ನು ನೀವು ಕೇಳಿರಬಹುದು. ಸುರಪುರದ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆಯನ್ನು ನೋಡಿರಿ. ಆ ಸೂಕ್ಷ್ಮ ಗೆರೆಗಳು ತಾಳ್ಮೆಯ ಫಲ, ಉನ್ಮಾದದ್ದಲ್ಲ.

ಈ ತಪ್ಪು ಭಾವನೆ ಹಳೆಯದು. ಮಕ್ಕಾದ ವಿರೋಧಿಗಳು ಪ್ರವಾದಿ(ಸ)ರನ್ನು ಹುಚ್ಚು ಕವಿಯೆಂದು ಹೀಗಳೆದಾಗ ಪವಿತ್ರ ಕುರ್‌ಆನ್ ಅದನ್ನು ತಳ್ಳಿಹಾಕಿತು. ಪ್ರತಿಭಾವಂತನಿಗೂ ಮನೋರೋಗ ಬರಬಹುದು. ಆದರೆ ಪ್ರತಿಭೆ ಅಲ್ಲಾಹನ ಅಮಾನತ್ತು, ರೋಗ ಪರೀಕ್ಷೆ.

ಯಾದಗಿರಿಯಾಗಲಿ, ಶಹಾಪುರವಾಗಲಿ, ಹಾಡುವ ಹುಡುಗ ನಿದ್ದೆಗೆಟ್ಟು ಕುಗ್ಗಿದರೆ ‘ಕಲಾವಿದರೇ ಹಾಗೆ’ ಎಂದು ಸುಮ್ಮನಿರಬೇಡಿರಿ. ಪ್ರತಿ ರೋಗಕ್ಕೂ ಅಲ್ಲಾಹನು ಔಷಧಿ ಇಟ್ಟಿರುವನೆಂದು ಪ್ರವಾದಿ(ಸ) ಕಲಿಸಿದ್ದಾರೆ. ದುಆ ಮಾಡಿರಿ, ವೈದ್ಯರಲ್ಲಿಗೂ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ ಉಚಿತ ದೂರವಾಣಿ 14416.

ಬುದ್ಧಿ ಸ್ಥಿಮಿತ ತಪ್ಪಿದವನ ಕರ್ಮಗಳನ್ನು, ಅವನು ಗುಣವಾಗುವ ತನಕ, ಬರೆಯಲಾಗುವುದಿಲ್ಲ. ಅಲ್ಲಾಹನೇ ಲೆಕ್ಕ ಹಿಡಿಯದವನನ್ನು ದೂಷಿಸಲು ನಾವು ಯಾರು?