ತೀರುವ ರೊಕ್ಕ

ಮಕ್ಕಳ ಕೈಯಲ್ಲಿ ರೊಕ್ಕ ಕೊಡಬಾರದು, ಕೊಟ್ಟರೆ ಕೆಡುತ್ತಾರೆ ಎಂಬ ಮಾತು ಕೇಳುತ್ತಲೇ ಬೆಳೆದವರು ನಾವು. ಹಾಗೆ ಹೇಳುತ್ತಿದ್ದ ಹಿರಿಯರೇ ಜಾತ್ರೆಯ ದಿನ ಬೆಳಗಾಗುತ್ತಲೇ ಮೊಮ್ಮಕ್ಕಳನ್ನೆಲ್ಲ ಕಟ್ಟೆಯ ಮುಂದೆ ನಿಲ್ಲಿಸಿ ಒಬ್ಬೊಬ್ಬರ ಅಂಗೈಗೂ ಒಂದೊಂದು ನಾಣ್ಯ ಇಡುತ್ತಿದ್ದರು. ಬೇಡವೆನ್ನುವ ಬಾಯಿ, ಕೊಡುವ ಕೈ ಎರಡೂ ಒಬ್ಬರವೇ. ಇಷ್ಟು ವರ್ಷಗಳ ಮೇಲೆ ಯೋಚಿಸಿದರೆ ಅದರಲ್ಲೊಂದು ವಿವೇಕವಿತ್ತು ಅನ್ನಿಸುತ್ತದೆ. ಮಗುವಿಗೆ ರೊಕ್ಕ ಸಿಗಬೇಕು, ಆದರೆ ಸಂಜೆಯೊಳಗೆ ತೀರುವಷ್ಟೇ ಸಿಗಬೇಕು. ತೀರಿದ ಮೇಲೆ ಏನು ಎಂಬುದನ್ನು ಮಗು ತಾನೇ ಕಂಡುಕೊಳ್ಳಬೇಕು. ದುಡ್ಡಿನ ವಿಷಯದಲ್ಲಿ ನಾವು ಚಿಕ್ಕಂದಿನಲ್ಲಿ ಕಲಿತದ್ದೆಲ್ಲ ಹೀಗೆ ತೀರಿಹೋದ ರೊಕ್ಕದಿಂದಲೇ ಕಲಿತದ್ದು ಎಂದು ನಾನು ನಂಬಿದ್ದೇನೆ.

ನನ್ನ ಊರು ಜಕ್ಕಲಿ, ರೋಣ ಸೀಮೆಯ ಎರೆಮಣ್ಣಿನ ಊರು. ಹೊರಗಿನವರು ಅದನ್ನು ಅಂದಾನಪ್ಪ ದೊಡ್ಡಮೇಟಿಯವರ ಊರೆಂದು ಗುರುತಿಸುತ್ತಾರೆ. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡು, ಕನ್ನಡ ನಾಡು ಒಂದಾಗಬೇಕೆಂದು ಬದುಕು ಸವೆಸಿದ ಹಿರಿಯರು ಅವರು. ಹುಡುಗರಾದ ನಮಗೆ ಮಾತ್ರ ಅದು ಹತ್ತಿ, ಬಿಳಿಜೋಳ, ಕಡಲೆ, ಕುಸುಬೆಯ ಊರು. ಮಳೆಯೇ ದಿಕ್ಕು. ಹತ್ತಿ ಬಿಡಿಸಿ, ಅಂಡಿಗೆ ಕಟ್ಟಿ, ಗದಗಿನ ಪೇಟೆಗೆ ಹೋಗಿ ಬಂದಾಗ ಮನೆಯಲ್ಲಿ ನಗದು ಕಾಣುತ್ತಿತ್ತು. ಬಾಕಿ ದಿನಗಳಲ್ಲಿ ಕಾಳೇ ರೊಕ್ಕ. ಒಂದು ಬೊಗಸೆ ಜೋಳ ಒಯ್ದು ಅಂಗಡಿಯಲ್ಲಿ ಸುರುವಿದರೆ ಬೆಲ್ಲವೋ ಪುಟಾಣಿಯೋ ಬರುತ್ತಿತ್ತು. ಇಂಥ ಊರಿನಲ್ಲಿ ಒಂದು ನಾಣ್ಯ ಮಗುವಿನ ಸ್ವಂತದ್ದಾಗುವುದೆಂದರೆ ಅದು ಆ ವಾರದ ದೊಡ್ಡ ಸಂಗತಿ.

ಆ ನಾಣ್ಯ ಬರುವ ದಾರಿಗಳು ಕೆಲವೇ. ಸೋದರಮಾವ ಬಂದು ಹೊರಡುವಾಗ ಕೊಡುವುದು ಒಂದು. ಚಪ್ಪಲಿ ಮೆಟ್ಟಿದ ಮೇಲೆ, ಬಾಗಿಲು ದಾಟುವ ಮೊದಲು, ಅಂಗಿಯ ಒಳಕಿಸೆಗೆ ಅವರ ಕೈ ಹೋಗುತ್ತಿತ್ತು. ಅವ್ವ, “ಅಣ್ಣಾ, ಹುಡುಗರಿಗೆ ರೊಕ್ಕದ ಚಟಾ ಹಚ್ಚಬ್ಯಾಡ” ಎನ್ನುತ್ತಿದ್ದಳು. “ನನ್ನ ಅಳಿಯಗ ನಾ ಕೊಡಾಕತ್ತೀನಿ, ನಡುವ ನಿಂದೇನ ತಂಗಿ?” ಎನ್ನುತ್ತ ಮಾವ ನನ್ನ ಮುಷ್ಟಿಯನ್ನು ತಮ್ಮ ಕೈಯಿಂದಲೇ ಮುಚ್ಚುತ್ತಿದ್ದರು. ಆ ನಾಣ್ಯವನ್ನು ಎಲ್ಲಿ ಖರ್ಚು ಮಾಡಿದರೂ ಮಾವನ ನೆನಪಾಗುತ್ತಿತ್ತು. ಕೊಟ್ಟವರ ಮುಖ ಕಾಣದ ರೊಕ್ಕ ನಮ್ಮ ಬಾಲ್ಯದಲ್ಲಿ ಇರಲೇ ಇಲ್ಲ. ಆಯಿ ಎಲೆಅಡಿಕೆ ಚೀಲದ ದಾರ ಬಿಚ್ಚಿ ಕೊಟ್ಟದ್ದು, ಅಪ್ಪ ನರೇಗಲ್ಲದ ಸಂತೆಯಲ್ಲಿ ಚೀಲ ಹಿಡಿದು ನಿಂತದ್ದಕ್ಕೆ ಕೊಟ್ಟದ್ದು, ಹೀಗೆ ಒಂದೊಂದು ನಾಣ್ಯಕ್ಕೂ ಒಬ್ಬೊಬ್ಬರು ಇದ್ದರು.

ಇನ್ನೊಂದು ದಾರಿ ಹಕ್ಕಲು. ಮಾಲೀಕರು ಹತ್ತಿ ಬಿಡಿಸಿ ಮುಗಿಸಿದ ಮೇಲೆ ಗಿಡದಲ್ಲಿ ಅಲ್ಲಲ್ಲಿ ಒಣಗಿದ ಕಾಯಿಯೊಳಗೆ ಒಂದೆರಡು ತೊಳೆ ಉಳಿದಿರುತ್ತದೆ. ಅದನ್ನು ಆಯಲು ಹುಡುಗರು ಗುಂಪಾಗಿ ಹೋಗುತ್ತಿದ್ದೆವು. ಒಣಗಿದ ಸಿಪ್ಪೆಯ ತುದಿ ಮುಳ್ಳಿನಷ್ಟೇ ಚೂಪು. ಬೆರಳ ತುದಿಯನ್ನು ಒಳಗೆ ತೂರಿಸಿ ಒಂದೇ ಸಲಕ್ಕೆ ತೊಳೆ ಎಳೆಯಬೇಕು. ತಡವರಿಸಿದರೆ ಉಗುರಿನ ಬುಡ ಹರಿಯುತ್ತದೆ. ಆಯ್ದದ್ದನ್ನು ಅಂಗಿಯ ಉಡಿಯಲ್ಲಿ ತುಂಬಿಕೊಂಡು ಹೊತ್ತು ಇಳಿಯುವಷ್ಟರಲ್ಲಿ ಅಂಗಡಿಗೆ ತರುತ್ತಿದ್ದೆವು. ಅಂಗಡಿಯ ಅಜ್ಜ ಅದರೊಳಗಿನ ಒಣ ಎಲೆಯ ಚೂರು ಆರಿಸಿ ತೆಗೆಸಿಯೇ ತಕ್ಕಡಿಗೆ ಹಾಕುತ್ತಿದ್ದ. ಅರ್ಧ ದಿನದ ಬೆಲೆ ಕೆಲವು ಪೈಸೆ. ಅದನ್ನು ಹಿಡಿದಾಗ ಬೆರಳಿನ ಗಾಯ ಇನ್ನೂ ಉರಿಯುತ್ತಿರುತ್ತಿತ್ತು. ಮಾವ ಕೊಟ್ಟ ನಾಣ್ಯಕ್ಕಿಂತ ಹಕ್ಕಲಿನ ನಾಣ್ಯವನ್ನು ನಾವು ಹೆಚ್ಚು ಹೊತ್ತು ಮುಷ್ಟಿಯಲ್ಲಿ ಇಟ್ಟುಕೊಳ್ಳುತ್ತಿದ್ದೆವು ಎಂಬುದು ನನಗೆ ಚೆನ್ನಾಗಿ ನೆನಪಿದೆ.

ಹಕ್ಕಲಿಗೆ ಬಂದ ಮಕ್ಕಳನ್ನು ಹೊಲದವರು ಅಟ್ಟುತ್ತಿರಲಿಲ್ಲ. ಬೆಳೆ ಎತ್ತಿದ ಮೇಲೆ ಉಳಿದದ್ದು ಒಡೆಯನದಲ್ಲ, ಇಲ್ಲದವರದು, ಹಕ್ಕಿಗಳದು ಎಂಬ ತಿಳಿವಳಿಕೆ ಇತ್ತು. ಈ ತಿಳಿವಳಿಕೆಗೆ ನಮ್ಮ ನಾಡಿನಲ್ಲಿ ಬಹಳ ಹಿಂದಿನ ಬೇರಿದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಮಡದಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದದ್ದನ್ನು ತಂದಲ್ಲಿಯೇ ಚೆಲ್ಲಿ ಬರಲು ಹೇಳಿದಳು ಎಂಬ ಕಥೆ ಶರಣರ ಪರಂಪರೆಯಲ್ಲಿ ಮನೆಮಾತು. ಹಕ್ಕಲಿಗೆ ಹೊರಟ ಹುಡುಗರಿಗೆ ಆಯಿ ಈ ಕಥೆ ಹೇಳುತ್ತಿದ್ದಳು. ಕಳ್ಳತನ ಮಾಡಬೇಡ ಎಂದು ಹೇಳಲು ಆ ಕಥೆ ಬೇಕಾಗಿರಲಿಲ್ಲ. ಸಿಕ್ಕಿತೆಂದು ಸಿಕ್ಕಷ್ಟೂ ತುಂಬಿಕೊಳ್ಳಬೇಡ ಎಂದು ಹೇಳಲು ಅದು ಬೇಕಾಗಿತ್ತು.

ರೊಕ್ಕ ಕೈಗೆ ಬಂದ ಮೇಲೆ ನಿಜವಾದ ಕೆಲಸ ಶುರುವಾಗುವುದು ಅಂಗಡಿಯ ಮುಂದೆ. ಸಾಲಾಗಿ ಇಟ್ಟ ಗಾಜಿನ ಭರಣಿಗಳು. ಒಂದರಲ್ಲಿ ಕಿತ್ತಳೆ ತೊಳೆಯ ಆಕಾರದ ಪೆಪ್ಪರಮೆಂಟು, ಒಂದರಲ್ಲಿ ಶೇಂಗಾ ಚಿಕ್ಕಿ, ಒಂದರಲ್ಲಿ ಕಡ್ಡಿಗೆ ಚುಚ್ಚಿದ ಹುಣಸೆ ಚಿಗಳಿ. ಪಕ್ಕದ ಬುಟ್ಟಿಯಲ್ಲಿ ಬಾರಿಹಣ್ಣು. ಚಿಗಳಿ ಬಹಳ ಹೊತ್ತು ಬಾಯಲ್ಲಿ ಇರುತ್ತದೆ, ಆದರೆ ಹಂಚಲು ಬರುವುದಿಲ್ಲ. ಬಾರಿಹಣ್ಣು ಹಂಚಬಹುದು, ಹೊಟ್ಟೆಗೂ ಆಗುತ್ತದೆ, ಆದರೆ ಹೊಲಕ್ಕೆ ಹೋದರೆ ಪುಕ್ಕಟೆ ಸಿಗುತ್ತದೆ. ಪೆಪ್ಪರಮೆಂಟು ತಂಗಿಗೆ ಇಷ್ಟ. ಇಷ್ಟೆಲ್ಲ ಲೆಕ್ಕ ತಲೆಯಲ್ಲಿ ನಡೆಯುವಾಗ ಅಂಗಡಿಯ ಅಜ್ಜ, “ಲಗೂ ಹೇಳೋ ತಮ್ಮಾ, ಏನ ಕೊಡ್ಲಿ? ತಿಂದಮ್ಯಾಗ ಅದ ಬೇಕಾಗಿತ್ತು, ಇದ ಬೇಕಾಗಿತ್ತು ಅನ್ನಬ್ಯಾಡ ಮತ್ತ” ಎನ್ನುತ್ತಿದ್ದ. ಒಂದನ್ನು ಕೇಳಿದರೆ ಉಳಿದ ಮೂರನ್ನು ಬಿಟ್ಟಂತೆ. ಆ ಬಿಡುವಿಕೆಯನ್ನು ಮಗುವೊಂದು ಯಾರ ಒತ್ತಾಯವೂ ಇಲ್ಲದೆ ಮಾಡುವ ಜಾಗ ಅದೊಂದೇ ಆಗಿತ್ತು. ಮನೆಯಲ್ಲಿ ಏನು ಉಣ್ಣಬೇಕು ಎಂಬುದು ಅವ್ವನಿಗೆ ಬಿಟ್ಟದ್ದು, ಏನು ಓದಬೇಕು ಎಂಬುದು ಮಾಸ್ತರರಿಗೆ ಬಿಟ್ಟದ್ದು. ಅಂಗಡಿಯ ಮುಂದೆ ಮಾತ್ರ ತೀರ್ಮಾನ ನಮ್ಮದು, ಫಲವೂ ನಮ್ಮದು.

ಗಜೇಂದ್ರಗಡದ ಕಾಲಕಾಲೇಶ್ವರನ ಜಾತ್ರೆಯಲ್ಲಿ ಈ ಪರೀಕ್ಷೆ ಇನ್ನೂ ಕಠಿಣ. ಬೆಟ್ಟದ ಬುಡದಿಂದಲೇ ಅಂಗಡಿಗಳು. ಬೆಂಡು ಬತ್ತಾಸು, ಮಿರ್ಚಿ, ಚುರಮರಿ, ಪೀಪಿ, ಪುಗ್ಗಿ, ತಿರುಗುವ ತೊಟ್ಟಿಲು. ಮೊದಲ ಅಂಗಡಿಯಲ್ಲಿಯೇ ಕಿಸೆ ಖಾಲಿ ಮಾಡಿಕೊಂಡವನು ತೊಟ್ಟಿಲಿನ ಕೆಳಗೆ ನಿಂತು ಮೇಲೆ ಹೋದವರ ಕೂಗು ಕೇಳಬೇಕು. ಎಲ್ಲವನ್ನೂ ನೋಡಿ ಬರುತ್ತೇನೆಂದು ಕಾದವನು ಮರಳಿ ಬರುವಷ್ಟರಲ್ಲಿ ಬೇಕಾದ ಪೀಪಿ ಮಾರಿಹೋಗಿರಬಹುದು. ಆತುರಕ್ಕೂ ಬೆಲೆ ಇದೆ, ಅತಿಯಾದ ಎಚ್ಚರಕ್ಕೂ ಬೆಲೆ ಇದೆ ಎಂದು ಯಾವ ಪಾಠದ ಪುಸ್ತಕವೂ ಹೇಳದ್ದನ್ನು ಜಾತ್ರೆ ಹೇಳುತ್ತಿತ್ತು. ಹಿರಿಯರು ಹೆಚ್ಚಿನ ರೊಕ್ಕ ಕೊಟ್ಟು ಆ ಬೇಸರವನ್ನು ಅಳಿಸಲು ಹೋಗುತ್ತಿರಲಿಲ್ಲ. “ಬರೋ ವರ್ಷ ಮತ್ತ ಜಾತ್ರಿ ಐತಿ” ಎಂದು ಕೈಹಿಡಿದು ಮುಂದೆ ನಡೆಸುತ್ತಿದ್ದರು. ಆ ಮಾತಿನಲ್ಲಿ ಕರುಣೆಯೂ ಇತ್ತು, ಬಿಗಿಯೂ ಇತ್ತು.

ತೀರುವ ರೊಕ್ಕ ನಮ್ಮನ್ನು ಒಬ್ಬರ ಪಕ್ಕ ಇನ್ನೊಬ್ಬರನ್ನು ತಂದು ನಿಲ್ಲಿಸುತ್ತಿತ್ತು ಎಂಬುದನ್ನೂ ಹೇಳಬೇಕು. ಒಂದೇ ಚಿಕ್ಕಿ, ಮೂವರು ಗೆಳೆಯರು. ಅಂಗಿಯ ಚುಂಗಿನಲ್ಲಿ ಚಿಕ್ಕಿ ಸುತ್ತಿ, ಬಟ್ಟೆಯ ಮೇಲಿನಿಂದ ಕಚ್ಚಿ ಮುರಿದರೆ ಅದು ಗುಬ್ಬಿ ಎಂಜಲು, ಯಾರೂ ತಿನ್ನಬಹುದು. ಕಚ್ಚಿದವನು ಚೂರು ಆರಿಸಿಕೊಳ್ಳುವ ಸರದಿ ಕೊನೆಗೆ ಎಂಬುದು ನಮ್ಮ ಓಣಿಯ ಕಟ್ಟಳೆ. ಹಾಗಾಗಿ ಕಚ್ಚುವವನು ಎಷ್ಟು ಸಮನಾಗಿ ಮುರಿಯುತ್ತಿದ್ದ!

ನಮ್ಮ ಅಪ್ಪನ ಪೀಳಿಗೆಗೆ ಈ ಕೂಡಿಕೊಳ್ಳುವಿಕೆಯನ್ನು ಲೆಕ್ಕವೇ ಕಲಿಸಿತು. 1956ರ ನವೆಂಬರ್ 1ರಂದು ಜಕ್ಕಲಿ ಮುಂಬಯಿ ರಾಜ್ಯದಿಂದ ಕನ್ನಡಿಗರ ರಾಜ್ಯಕ್ಕೆ ಬಂತು. ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು, ಕೈಯಲ್ಲಿನ ನಾಣ್ಯವೂ ಬದಲಾಯಿತು. ರೂಪಾಯಿಗೆ 16 ಆಣೆ ಹೋಗಿ 100 ನಯಾಪೈಸೆ ಬಂತು. ನಾಲ್ಕಾಣೆಗೆ ಸರಿಯಾಗಿ 25 ನಯಾಪೈಸೆ. ಒಂದಾಣೆಗೆ ಆರೂಕಾಲು ಬರಬೇಕು, ಆದರೆ ಕಾಲು ಪೈಸೆಯ ನಾಣ್ಯವೇ ಇಲ್ಲದ್ದರಿಂದ ಆರಕ್ಕೇ ಲೆಕ್ಕ. ಒಂದೊಂದಾಣೆಯಂತೆ ನಾಲ್ಕು ಸಲ ಕೊಟ್ಟವನಿಗೆ 24, ಒಟ್ಟಿಗೆ ಕೊಟ್ಟವನಿಗೆ 25. ನಾಲ್ವರು ಹುಡುಗರು ತಮ್ಮ ತಮ್ಮ ಆಣೆಯನ್ನು ಒಬ್ಬನ ಕೈಗೆ ಕೊಟ್ಟು ಅಂಗಡಿಗೆ ಕಳಿಸಿದರೆ ಒಂದು ಪೈಸೆ ಉಳಿಯುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು. ಆ ಒಬ್ಬನನ್ನು ಉಳಿದ ಮೂವರು ನಂಬಬೇಕಿತ್ತು, ಆತ ನಂಬಿಕೆ ಉಳಿಸಿಕೊಳ್ಳಬೇಕಿತ್ತು. ಒಂದು ಪೈಸೆಯ ಲಾಭಕ್ಕಿಂತ ಅದು ದೊಡ್ಡದು.

ಇದೇ ನಂಬಿಕೆ ದೊಡ್ಡವರ ಲೋಕದಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಗದಗ ಜಿಲ್ಲೆಯಲ್ಲೇ ಸಾಕ್ಷಿ ಇದೆ. 1905ರಲ್ಲಿ ಕಣಗಿನಹಾಳದ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ನಾಡಿನ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದು ಒಂದು. ಸಾವುಕಾರನ ಬಡ್ಡಿಗೆ ಸಿಕ್ಕವರು ತಮ್ಮ ಚೂರುಪಾರು ರೊಕ್ಕವನ್ನು ಒಟ್ಟಿಗೆ ಇಟ್ಟು ಒಬ್ಬರಿಗೊಬ್ಬರು ಆಸರೆಯಾದರು. ಕರಾವಳಿಯಲ್ಲಿ 1928ರಲ್ಲಿ ಟಿ.ಎಂ.ಎ. ಪೈ ಅವರು ಪಿಗ್ಮಿ ಠೇವಣಿ ಶುರುಮಾಡಿದಾಗ ದಿನಕ್ಕೆ ಎರಡಾಣೆ ಕೊಡಬಲ್ಲವರೂ ಬ್ಯಾಂಕಿನ ಗ್ರಾಹಕರಾದರು. ಚಿಕ್ಕ ರೊಕ್ಕವನ್ನು ಗೌರವಿಸಿದ ನಾಡು ಇದು. ಚಿಕ್ಕ ರೊಕ್ಕ ಎಷ್ಟು ಬೇಗ ಕರಗುತ್ತದೆ ಎಂದು ಗೊತ್ತಿದ್ದವರೇ ಅದನ್ನು ಕೂಡಿಸುವ ದಾರಿ ಹುಡುಕಿದರು.

ತೀರುವುದು ಅಂದಾಗಲೆಲ್ಲ ನನಗೆ 1972ರ ಬರಗಾಲವೂ ನೆನಪಾಗುತ್ತದೆ. ಹತ್ತಿ ಗಿಡ ಮೊಣಕಾಲೆತ್ತರಕ್ಕೂ ಬರಲಿಲ್ಲ. ಬಿಡಿಸಲು ಬೆಳೆಯೇ ಇಲ್ಲದ ಮೇಲೆ ಹಕ್ಕಲು ಎಲ್ಲಿಂದ ಬರಬೇಕು? ಮನೆಯ ದೊಡ್ಡವರು ಬರಗಾಲದ ಕಾಮಗಾರಿಗೆ ಮಣ್ಣು ಹೊರಲು ಹೋದರು. ಆ ವರ್ಷ ನಮ್ಮ ಓಣಿಯಲ್ಲಿ ಯಾವ ಹುಡುಗನೂ ಖರ್ಚಿಗೆ ರೊಕ್ಕ ಕೇಳಲಿಲ್ಲ. ಕೇಳಬೇಡಿ ಎಂದು ಯಾರೂ ಹೇಳಿರಲಿಲ್ಲ. ಅಂಗಡಿಯ ಮುಂದೆ ನಿಂತು ತೀರುವುದರ ಅರ್ಥ ತಿಳಿದಿದ್ದ ಮಕ್ಕಳಿಗೆ ಮನೆಯ ಗಡಿಗೆಯೂ ತೀರಬಲ್ಲದು ಎಂಬುದು ತಾನಾಗಿ ಅರ್ಥವಾಗಿತ್ತು. ಬಡತನವನ್ನು ನಾನು ಹೊಗಳುತ್ತಿಲ್ಲ. ಹಸಿದ ಮಗುವಿಗೆ ಪಾಠ ಬೇಕಿಲ್ಲ, ರೊಟ್ಟಿ ಬೇಕು. ಆದರೆ ಅಪ್ಪ ಅವ್ವನ ಮುಖ ನೋಡಿ ತನ್ನ ಆಸೆಯನ್ನು ತಾನೇ ಒಂದು ವರ್ಷ ಮುಂದೂಡಿದ ಮಗುವಿನ ಮನಸ್ಸನ್ನು ನಾನು ಮರೆಯಲಾರೆ.

ಆ ನಾಣ್ಯಗಳು ಈಗಿಲ್ಲ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯವು 2011ರ ಜೂನ್ 30ರಿಂದ ಚಲಾವಣೆಯಿಂದಲೇ ಹೋದವು. 1968ರಲ್ಲಿ ಬಂದಿದ್ದ, ತಾವರೆ ಮುದ್ರೆಯ ಹಳದಿ 20 ಪೈಸೆ ಮಾತ್ರ ಇನ್ನೂ ಎಷ್ಟೋ ಮನೆಗಳ ಲಕ್ಷ್ಮೀಪೂಜೆಯ ತಟ್ಟೆಯಲ್ಲಿದೆ. ಊರಿನ ಅಂಗಡಿಗಳಲ್ಲಿ ಭರಣಿಗಳ ಜಾಗದಲ್ಲಿ ಐದು ರೂಪಾಯಿಯ ಪಾಕೀಟುಗಳು ತೋರಣದಂತೆ ತೂಗುತ್ತವೆ. 2016ರಲ್ಲಿ ಯುಪಿಐ ಬಂದ ಮೇಲೆ ಮಗು ಬೇಕಾದದ್ದನ್ನು ಕಿತ್ತುಕೊಳ್ಳುತ್ತದೆ, ಅಪ್ಪ ಫೋನ್ ಹಿಡಿದು ಸ್ಕ್ಯಾನ್ ಮಾಡುತ್ತಾನೆ, ಡಬ್ಬಿ ಮಾತಾಡುತ್ತದೆ. ಇದರಿಂದ ಅನುಕೂಲವಾಗಿದೆ, ಚಿಲ್ಲರೆಯ ಜಗಳ ತಪ್ಪಿದೆ, ತರಕಾರಿ ಮಾರುವ ಹೆಣ್ಣುಮಕ್ಕಳ ಖಾತೆಗೂ ರೊಕ್ಕ ನೇರವಾಗಿ ಸೇರುತ್ತಿದೆ. ನನ್ನ ಚಿಂತೆ ಆ ಮಗುವಿನದು. ಅದರ ಕಣ್ಣಿಗೆ ರೊಕ್ಕ ಬಂದದ್ದೂ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ. ಯಾರು ದುಡಿದದ್ದು, ಎಷ್ಟು ಉಳಿಯಿತು, ಒಂದನ್ನು ಕೊಂಡರೆ ಯಾವುದನ್ನು ಬಿಡಬೇಕು, ಯಾವುದೂ ಗೊತ್ತಿಲ್ಲ. ಅತ್ತರೆ ಸಿಗುತ್ತದೆ ಎಂಬುದೊಂದೇ ಗೊತ್ತು. ಹೀಗೆ ಬೆಳೆದ ಮಗುವಿಗೆ ನಾಳೆ ಸಾಲ ಮಾಡಲು ಯಾರೂ ಕಲಿಸಬೇಕಿಲ್ಲ.

ಹಾಗೆಂದು ಕಾಲವನ್ನು ಹಿಂದಕ್ಕೆ ತಿರುಗಿಸಬೇಕಿಲ್ಲ. ಇಂದಿನ ತಂದೆತಾಯಿಗಳಲ್ಲಿ ನಾನು ಕೇಳಿಕೊಳ್ಳುವುದು ಕೆಲವೇ ಮಾತು. ವಾರಕ್ಕೊಮ್ಮೆ ಮಗುವಿನ ಅಂಗೈಯಲ್ಲಿ ಮುಟ್ಟಿ ನೋಡುವಂಥ ಚೂರು ರೊಕ್ಕ ಇಡಿ. ಇಟ್ಟ ಮೇಲೆ ಅದು ಮಗುವಿನದು. ಹಾಳುಮಾಡಿದೆ ಎಂದು ಬೈಯಬೇಡಿ, ಪೈಸೆ ಪೈಸೆಗೆ ಲೆಕ್ಕ ಕೇಳಬೇಡಿ, ಹುಂಡಿಗೇ ಹಾಕಬೇಕು ಎಂದು ಕಟ್ಟುಹಾಕಬೇಡಿ. ಖರ್ಚು ಮಾಡಲು ಬಿಡಿ. ಆದರೆ ತೀರಿದ ಮೇಲೆ ಮುಂದಿನ ವಾರದವರೆಗೆ ಮತ್ತೆ ತುಂಬಬೇಡಿ, ಅತ್ತರೂ ತುಂಬಬೇಡಿ. ಆ ಅಳುವನ್ನು ತಡೆದುಕೊಳ್ಳುವ ಶಕ್ತಿ ಮಗುವಿಗಿಂತ ಮೊದಲು ನಮಗೆ ಬೇಕು. ಮಗು ತನ್ನ ಪಾಲನ್ನು ಇನ್ನೊಬ್ಬರ ಜೊತೆ ಹಂಚಿಕೊಂಡರೆ ಅದನ್ನು ಕಂಡು ಸಂತೋಷಪಡಿ, ಹಂಚಿದ್ದಕ್ಕೆ ಬದಲಾಗಿ ಇನ್ನಷ್ಟು ಕೊಟ್ಟು ಅದನ್ನು ವ್ಯಾಪಾರ ಮಾಡಬೇಡಿ.

ಬೇಕು ಎನ್ನುವುದನ್ನು ಮಗು ಹುಟ್ಟುತ್ತಲೇ ಕಲಿತು ಬಂದಿರುತ್ತದೆ. ಸಾಕು ಎನ್ನುವುದನ್ನು ಮಾತ್ರ ಮಗು ಬದುಕಿನಲ್ಲಿ ಕಲಿಯಬೇಕು, ಮತ್ತು ಅದನ್ನು ಉಪದೇಶದಿಂದ ಕಲಿಸಿದವರಿಲ್ಲ. ತನ್ನದೇ ರೊಕ್ಕ, ತನ್ನದೇ ಆಯ್ಕೆ, ತನ್ನ ಕಣ್ಣೆದುರಿಗೇ ಖಾಲಿಯಾದ ಕಿಸೆ, ಇವು ಮೂರೂ ಕೂಡಿದ ಕಡೆ ಅದು ಹುಟ್ಟುತ್ತದೆ. ಮಕ್ಕಳಿಗೆ ಎಷ್ಟೋ ಕೊಡಲು ಶಕ್ತರಾಗಿರುವ ನಾವು ಇಷ್ಟೇ ಕೊಡುವ ಧೈರ್ಯವನ್ನೂ ಬೆಳೆಸಿಕೊಳ್ಳಬೇಕು. ಅದಕ್ಕಿಂತ ಬೆಲೆಯುಳ್ಳ ಆಸ್ತಿಯನ್ನು ಅವರ ಹೆಸರಿಗೆ ಬರೆಯಲು ನಮ್ಮಿಂದ ಆಗದು.