ಅನೇಕಾಂತವೂ ಅಭಯವೂ

ಅನೇಕಾಂತವೆಂದರೆ ಸತ್ಯಾಸತ್ಯಗಳ ನಡುವೆ ಮೌನ ತಾಳುವುದಲ್ಲ. ಅಮೆರಿಕದ ಲೇಖಕಿ ಹಾರ್ಪರ್ ಲೀಯವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಕಾದಂಬರಿ ಇದಕ್ಕೆ ನಿದರ್ಶನ. 1930ರ ದಶಕದ ಅಲಬಾಮಾದಲ್ಲಿ ಕಪ್ಪುವರ್ಣೀಯನಾದ ಟಾಮ್ ರಾಬಿನ್ಸನ್ ಮೇಲೆ ಬಿಳಿಯ ಯುವತಿಯೊಬ್ಬಳು ಅತ್ಯಾಚಾರದ ಸುಳ್ಳು ಆರೋಪ ಹೊರಿಸುತ್ತಾಳೆ. ಆಕೆಯ ಮುಖದ ಬಲಭಾಗದ ಗಾಯ ಎಡಗೈಯ ಏಟನ್ನು ಸೂಚಿಸುತ್ತದೆ. ಟಾಮನ ಎಡಗೈಯಾದರೋ ನಿಷ್ಕ್ರಿಯ. ಆದರೂ ಜ್ಯೂರಿ ಅವನನ್ನು ಅಪರಾಧಿಯೆನ್ನುತ್ತದೆ. ಕಂಡ ಸಾಕ್ಷ್ಯವನ್ನೂ ಕಾಣಗೊಡದ ಪೂರ್ವಗ್ರಹವು ಮಿಥ್ಯಾದೃಷ್ಟಿಯೇ ಸರಿ.

ವಕೀಲ ಆಟಿಕಸ್ ಫಿಂಚ್ ಆ ಯುವತಿಯ ದೈನ್ಯಕ್ಕೆ ಮರುಗುತ್ತಾನೆ; ಆದರೆ ಮರುಕಕ್ಕಾಗಿ ಸತ್ಯವನ್ನು ಬಲಿಗೊಡುವುದಿಲ್ಲ. ಸೋಲು ನಿಶ್ಚಿತವೆಂದು ತಿಳಿದೂ ವಾದಿಸುತ್ತಾನೆ. ಪರರ ದೃಷ್ಟಿಯನ್ನು ಅರಿಯುವುದು ಅನೇಕಾಂತ. ಅರಿತ ಮೇಲೂ ನಿರಪರಾಧಿಯ ಪಕ್ಕದಲ್ಲಿ ನಿಲ್ಲುವುದು ಅಭಯದಾನ. ಮೊದಲನೆಯದನ್ನು ನೆಪಮಾಡಿ ಎರಡನೆಯದರಿಂದ ನುಣುಚಿಕೊಳ್ಳುವ ಶ್ರಾವಕನ ಅಹಿಂಸಾವ್ರತ ಪೂರ್ಣವಾಗದು.