ಬುದ್ಧಿ ಎಂಬ ಸಾರಥಿ

ಅರಿಯುವುದೆಂಬ ಅರ್ಥವುಳ್ಳ 'ಬುಧ್' ಧಾತುವಿನಿಂದ 'ಬುದ್ಧಿ' ಶಬ್ದವು ನಿಷ್ಪನ್ನವಾಗಿದೆ. ಧಾರಾವಿಯ ಕುಂಬಾರವಾಡದಲ್ಲಿ ಸೌರಾಷ್ಟ್ರಮೂಲದ ಕುಂಬಾರರು ರೂಪಿಸುವ ಪಾತ್ರೆಯನ್ನು ತಮಿಳರು 'ಪಾನೈ' ಎಂದರೆ ನಾವು 'ಮಡಕೆ' ಎನ್ನುತ್ತೇವೆ. ಶಬ್ದ ಬೇರೆಯಾದರೂ ವಸ್ತುವೊಂದೇ. ಹಿರಿಯರು ಬೆರಳಿನಿಂದ ತೋರಿಸಿ ನುಡಿದಾಗ ಶಿಶುವಿಗೆ ಶಬ್ದಾರ್ಥದ ಅರಿವಾಗುವುದೆಂದು ಶ್ರೀಮದಾಚಾರ್ಯರು ಪ್ರತಿಪಾದಿಸಿದ್ದಾರೆ.

ಹಾಗಾದರೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಕೇಳುವ ನಮ್ಮ ಮಕ್ಕಳ ಬುದ್ಧಿ ಕುಂದುವುದೇ? ಖಂಡಿತ ಇಲ್ಲ. ಮಡಕೆಯನ್ನು ತೋರಲು ಯಾವ ಭಾಷೆಯಾದರೂ ಸಾಕು. ಧರ್ಮ, ವಿನಯ, ಭಕ್ತಿಗಳನ್ನು ಮಾತ್ರ ಬೆರಳಿನಿಂದ ತೋರಲಾಗದು. ಅವು ಹಿರಿಯರ ನಡೆಯಲ್ಲಿಯೇ ಕಾಣಬೇಕು. ಕನ್ನಡದಲ್ಲಿ 'ಬುದ್ಧಿ ಹೇಳುವುದು' ಎಂದರೆ ಸನ್ಮಾರ್ಗವನ್ನು ತಿಳಿಸುವುದು. ಕಠೋಪನಿಷತ್ತು ಕುದುರೆಗಳ ಸ್ಥಾನವನ್ನು ಇಂದ್ರಿಯಗಳಿಗಿತ್ತು, ಬುದ್ಧಿಯನ್ನು ಸಾರಥಿಯಾಗಿಸಿತು. ಮಕ್ಕಳ ಅಂಕಪಟ್ಟಿಯಲ್ಲಿ ನಾವು ಓಟದ ವೇಗವನ್ನಷ್ಟೇ ಅಳೆಯುತ್ತೇವೆ. ರಥವು ಹಿಡಿದ ದಾರಿಯನ್ನೂ ವಿಚಾರಿಸೋಣ.